ಹತ್ತೊಂಬತ್ತು ಕೆಂಪು ಬನಿಯನ್

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಂಗಪ್ಪನ್ ಕೊಳದ ದಡದ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಪೆನ್ನಿನಂಥ ಮೀಟರನ್ನು ನೀರಿಗೆ ಅದ್ದಿದ್ದ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತೋರಿಸುವ ಮೀಟರು. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಮಾಸ್ಟರ್ ಅವನು. ಮದುವೆಮನೆಯಲ್ಲೂ ಲೋಟಕ್ಕೆ ಅದನ್ನು ಅದ್ದಿ ನೋಡದೆ ನೀರು ಕುಡಿದವನಲ್ಲ. ಊರಿನ ಬೋರ್ ನೀರು ಎರಡು ಸಾವಿರ ದಾಟುತ್ತಿತ್ತು. ಇಲ್ಲಿ ಹನ್ನೆರಡು. ನಂಬದೆ ಮತ್ತೆ ಅದ್ದಿದ. ಹನ್ನೆರಡೇ.

ಹೆಂಡತಿ ಸಾಂತಿ ನಕ್ಕಳು. "ಕೈ ತೆಗೀರಿ. ಬಣ್ಣ ಮುಟ್ಟದೇನೆ ಚಳಿಗೆ ಬೆರಳು ನೀಲಿ ಆಗೋಯ್ತು."

ಹಿಮಾಲಯದ ಆ ಎತ್ತರದಲ್ಲಿ ಹಿಮನದಿ ಹಿಂದೆ ಸರಿದಾಗ ಉಳಿದ ಏಳು ಪುಟ್ಟ ಕೊಳಗಳಿದ್ದವು. ಏಳಕ್ಕೂ ಸರ್ಕಾರದ ರಕ್ಷಣೆಯಿತ್ತು. ಕುಲದೇವತೆ ಚೌಡಮ್ಮನ ಕಲಶಕ್ಕೆ ಇಲ್ಲಿಯ ನೀರು ಒಯ್ಯಬೇಕೆಂದು ತಮಿಳುನಾಡಿನ ಅವಿನಾಶಿಯ, ಕನ್ನಡ ಮನೆಮಾತಿನ ನೇಕಾರ ಮನೆಗಳವರು ನಾಲ್ಕು ದಿನ ಪ್ರಯಾಣ ಮಾಡಿ ಬಂದಿದ್ದರು. ಮುಂದಾಳು ಸಾಂತಿಯ ಅಣ್ಣ ಹರಿಹರನ್.

"ಇಳೀಬಾರ್ದು ಅಂತ ಬೋರ್ಡ್ ಹಾಕವ್ರೆ, ಭಾವ," ಎಂದ ಅಂಗಪ್ಪನ್.

"ಹಿಂದಿ ನಂಗೆ ತೆರಿಯಾದಿಲ್ಲ, ಮಾಪ್ಳೆ. ತಿಳಿದೋರು ದಡದಾಗೆ ಕೂತ್ಕೊಳ್ಳಿ."

ಬೋರ್ಡಿನ ಮೇಲೆ ಈಜುವವನ ಚಿತ್ರವೂ ಅದರ ಮೇಲೊಂದು ಅಡ್ಡಗೀಟೂ ಇದ್ದವು.

ಹತ್ತೊಂಬತ್ತು ಮಂದಿ ಇಳಿದರು. ತಲೆಗೆ ಹಚ್ಚಿದ ಎಳ್ಳೆಣ್ಣೆ ನೀರ ಮೇಲೆ ಹರಡಿತು. ಬಾಯಿ ಮುಕ್ಕಳಿಸಿ ಉಗುಳಿದರು. ಖಾಲಿ ಶ್ಯಾಂಪೂ ಪೊಟ್ಟಣಗಳು ತೇಲಿದವು. ತೀರ್ಥದಲ್ಲಿ ಮಿಂದ ಮೇಲೆ ಉಟ್ಟದ್ದನ್ನು ಅಲ್ಲೇ ಬಿಡಬೇಕಲ್ಲ; ಯಾತ್ರೆಗೆಂದೇ ಹೊಲಿಸಿದ ಕೆಂಪು ಬನಿಯನ್‌ಗಳನ್ನು ಕಳಚಿ ನೀರಿಗೇ ಬಿಟ್ಟರು.

ಆ ಬಟ್ಟೆಗೆ ಬಣ್ಣ ಹಾಕಿದವನು ಅಂಗಪ್ಪನ್. ವಿದೇಶಕ್ಕೆ ಹೋಗುವ ಮಾಲಾಗಿದ್ದರೆ ಐದು ಸಲ ತೊಳೆಯುತ್ತಿದ್ದ. ನಮ್ಮವರಿಗೆ ತಾನೆ ಎಂದು ಎರಡಕ್ಕೇ ಇಳಿಸಿದ್ದ. ಹಿಡಿಯದೆ ಉಳಿದ ಬಣ್ಣ, ಬಣ್ಣ ಹಿಡಿಯಲೆಂದು ಹಾಕಿದ ಉಪ್ಪು, ಎರಡೂ ಈಗ ಬಿಟ್ಟುಕೊಳ್ಳತೊಡಗಿದವು. ಕಾರ್ಖಾನೆಯ ಹಿಂದಿನ ಚರಂಡಿಯಲ್ಲಿ ನೋಡಿ ನೋಡಿ ಸಾಕಾದ ಅದೇ ಕೆಂಪು. ಅವನಿಗೆ ಇವರ ಮೇಲೆ ಹೇಸಿಗೆ ಆಯಿತು. ತನ್ನ ಕೈಗಳ ಮೇಲೆ ಅದಕ್ಕಿಂತ ಹೆಚ್ಚು. ಊರುಗೋಲಿನಿಂದ ಒಂದೊಂದಾಗಿ ಎಳೆದು ದಡಕ್ಕೆ ಹಾಕಿದ. ಹತ್ತೊಂಬತ್ತೂ ಬಂದವು. ಬಣ್ಣ ಬರಲಿಲ್ಲ.

ಕಾವಲಿನ ಹೆಂಗಸು ಓಡುತ್ತ ಬಂದು, ಇದೇನು ಕೆಂಪು ಎಂದು ಹಿಂದಿಯಲ್ಲಿ ಕೇಳಿದಳು.

ಹರಿಹರನ್ ಅವಳಿಗೆ ತಿಳಿಯದ ಮನೆಮಾತಿನಲ್ಲಿ ಅಂಗಪ್ಪನ್‌ಗೆ, "ಕುಂಕುಮ ಅಂತ ಹೇಳು," ಎಂದ. "ನಿನ್ ಬಣ್ಣ ಅಂದ್ರೆ ಕಲಶದ ನೀರೂ ಚೆಲ್ಲಿಸ್ತಾಳೆ. ಚೌಡಮ್ಮನ ಹತ್ರ ಬರೀ ಕೈಯಾಗೆ ಹೋಗೋದಾ?"

ಹರಿಹರನ್ ಆಗಲೇ ತುಂಬಿಸಿಟ್ಟಿದ್ದ ಕಲಶದೊಳಗೆ ಅಂಗಪ್ಪನ್ ಇಣುಕಿದ. ನೀರು ನಸುಗೆಂಪಾಗಿತ್ತು.

"ಈ ಕೊಳಚೇನ ಅಮ್ಮನ ತಲೆ ಮೇಲೆ ಹುಯ್ತೀರಾ, ಭಾವ?"

ಅಂಗಪ್ಪನ್ ಅದೇ ಬಂಡೆಯ ಮೇಲೆ ಕೂತು, ಅದೇ ಜಾಗದಲ್ಲಿ ಮೀಟರ್ ಅದ್ದಿದ. ಕಾರ್ಖಾನೆಯ ಬಿಹಾರಿ ಕೆಲಸಗಾರರಿಂದ ಕಲಿತ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಬಣ್ಣ ನನ್ನದು. ಆರೂ ಹತ್ತಕ್ಕೆ ನೀರಲ್ಲಿ ಉಪ್ಪು ಹನ್ನೆರಡು ಇತ್ತು. ಈಗ ನಲವತ್ತಾರು."