ಶಿಮುಲ್‌ಡಾಂಗಾದ ಶಾಲೆ

ಬೂಟ್ ಪಾಲಿಶಿನ ವಾಸನೆ ಎಲ್ಲೇ ಮೂಗಿಗೆ ಬಡಿದರೂ ಬಂಗಾಳದಲ್ಲಿದ್ದ, ಲೇಕ್ ಗಾರ್ಡನ್ಸಿನ ನಮ್ಮ ಬಾಡಿಗೆ ಮನೆಯ ವರಾಂಡ ಕಣ್ಣಮುಂದೆ ಬರುತ್ತದೆ. ಭಾನುವಾರದ ಸಂಜೆ ಅಪ್ಪ ಹಳೆಯ ಪೇಪರು ಹಾಸಿಕೊಂಡು ಕೂತು ಮನೆಮಂದಿಯ ಬೂಟುಗಳನ್ನೆಲ್ಲ ತಿಕ್ಕುತ್ತಿದ್ದರು. ಅವ್ವನ ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ. ಲೋಕಲ್ ರೈಲು ಹಾದುಹೋದಾಗಲೆಲ್ಲ ಕಿಟಕಿಯ ಸರಳುಗಳು ಸಣ್ಣಗೆ ಝೇಂಕರಿಸುತ್ತಿದ್ದವು. ಅಪ್ಪನ ಎಡಗಿವಿ ಕೇಳುತ್ತಿರಲಿಲ್ಲವಾದ್ದರಿಂದ ನಾನು ಯಾವಾಗಲೂ ಬಲಕ್ಕೆ ಕೂರುತ್ತಿದ್ದೆ. ಅವರು ಫಿರಂಗಿ ದಳದಲ್ಲಿದ್ದರು, ಎಪ್ಪತ್ತೊಂದರ ಯುದ್ಧದಲ್ಲಿ ಹೋರಾಡಿದ್ದರು, ಕಿವಿ ಹೋದದ್ದು ಅಲ್ಲಿಯೇ. ನನಗೆ ಗೊತ್ತಿದ್ದದ್ದು ಅಷ್ಟೇ. ಹೆಚ್ಚಿಗೆ ಕೇಳಿದರೆ, "ಅದೆಲ್ಲಾ ಮುಗದು ಹೋದ ಮಾತು, ಶಾಲೂ. ಹೋಂವರ್ಕ್ ಮಾಡೀಯೇನು?" ಎನ್ನುತ್ತಿದ್ದರು.

ಸೈನ್ಯ ಬಿಟ್ಟ ಮೇಲೆ ಅಪ್ಪ ಒಂದು ವಿದ್ಯುತ್ ಕಂಪನಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ನಾನು ಏಳನೆಯ ತರಗತಿಗೆ ಬರುವ ಹೊತ್ತಿಗೆ ದೊಡ್ಡ ಅಧಿಕಾರಿಯಾಗಿದ್ದರು. ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಎಲ್ಲರಿಗೂ ಕರೆಂಟು ಬೇಕಿತ್ತು. ಊಟದ ನಡುವೆಯೇ ಫೋನು ಬರುತ್ತಿತ್ತು, ಅವ್ವ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

ಆ ವರ್ಷ ಗಡಿಯಾಚೆಗೆ ವಿದ್ಯುತ್ ಲೈನು ಎಳೆಯುವ ಮಾತುಕತೆಗೆಂದು ಬಾಂಗ್ಲಾದೇಶದಿಂದ ಮೊನಿರ್ ಸಾಹೇಬರೆಂಬ ಎಂಜಿನಿಯರು ಬಂದಿದ್ದರು. ಹೋಟೆಲಿನ ಊಟದಿಂದ ಬೇಸತ್ತಿದ್ದ ಅವರನ್ನು ಅಪ್ಪ ಮನೆಗೆ ಕರೆದರು. "ಮೀನ ಇಲ್ದ ಊಟಾ ಹಾಕಿದ್ರ ಏನ್ ತಿಳ್ಕೊಂಡಾರ್ರೀ ಅವ್ರು?" ಎಂದು ಅವ್ವ ಬೆಳಗಿನಿಂದ ಪೇಚಾಡಿದಳು. ಕೊನೆಗೆ, ಊರಿನವರು ಯಾರೋ ಹೌರಾಕ್ಕೆ ಬರುವಾಗ ತಂದುಕೊಟ್ಟಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿದಳು. ಸಾಹೇಬರು ಬೆರಳು ನೆಕ್ಕಿಕೊಂಡು ಉಂಡರು.

ಯಾವ ಊರೆಂದು ಅಪ್ಪ ತಮ್ಮ ಧಾರವಾಡದ ಧಾಟಿಯ ಬಂಗಾಳಿಯಲ್ಲಿ ಕೇಳಿದರು. ಶಿಮುಲ್‌ಡಾಂಗಾ ಎಂದರು ಸಾಹೇಬರು. ಅಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ನದಿ ಪಕ್ಕದಲ್ಲಿ ಒಂದು ಶಾಲೆ ಇತ್ತಲ್ಲ?"

"ಇತ್ತು. ನಾನು ಓದಿದ್ದು ಅಲ್ಲೇ. ಯುದ್ಧದಲ್ಲಿ ಬಿತ್ತು."

"ಬೀಳಿಸಿದ ತೋಪುಗಳು ನನ್ನವು," ಎಂದರು ಅಪ್ಪ. "ಶತ್ರು ಸೈನಿಕರು ಅದರಲ್ಲಿದ್ದಾರೆ ಅಂತ ಸುದ್ದಿ ಬಂದಿತ್ತು. ಒಳಗೆ ಊರವರು ಯಾರಾದರೂ...?"

ಸಾಹೇಬರು ನನ್ನ ಕಡೆ ಒಮ್ಮೆ ನೋಡಿ, ನೀರು ಕುಡಿದು ಹೇಳಿದರು: "ಯಾರೂ ಇರಲಿಲ್ಲ, ದಾದಾ. ಮರುವಾರ ನಮಗೆ ಗಣಿತದ ಪರೀಕ್ಷೆ ಇತ್ತು. ಶಾಲೆ ಬಿತ್ತು ಅಂತ ನಾವು ಹುಡುಗರು ಕುಣಿದಾಡಿದೆವು." ಅಪ್ಪ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಪ್ರಶ್ನೆಯನ್ನು ಅವರು ಎಷ್ಟು ವರ್ಷ ಹೊತ್ತು ತಿರುಗಿದ್ದರೆಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ಮುಂದಿನ ಚಳಿಗಾಲದಲ್ಲಿ ಸಾಹೇಬರ ಮಗಳ ಮದುವೆಗೆ ನಾವು ಮೂವರೂ ಗಡಿ ದಾಟಿ ಶಿಮುಲ್‌ಡಾಂಗಾಕ್ಕೆ ಹೋದೆವು. ಶಾಲೆ ನೋಡಬೇಕೆಂದು ಅಪ್ಪ ಹಟ ಹಿಡಿದರು. ಸಾಹೇಬರು ಮದುವೆಯ ಗಡಿಬಿಡಿಯ ನೆಪ ಹೇಳಿದರು, ದಾರಿ ಕೆಟ್ಟಿದೆ ಎಂದರು, ಕೊನೆಗೆ ಸುಮ್ಮನೆ ಜೊತೆಗೆ ಬಂದರು. ತಗಡಿನ ಮಾಡಿನ ಹೊಸ ಶಾಲೆ, ಎದುರಿಗೆ ಸಾಸಿವೆಯ ಹಳದಿ ಹೊಲ. ಮುದುಕ ಹೆಡ್‌ಮಾಸ್ತರು ನಮಗೆ ಎಳನೀರು ಕೊಡಿಸಿ, ಏನೂ ಅರಿಯದೆ ಹಳೆಯ ಕಟ್ಟಡದ ಕತೆ ಹೇಳಿದರು. ಸೈನಿಕರು ಹಿಂದಿನ ದಿನವೇ ಖಾಲಿ ಮಾಡಿದ್ದರಂತೆ. ಬೆಂಚುಗಳನ್ನು ಯಾರಾದರೂ ಹೊತ್ತೊಯ್ದಾರೆಂದು ಕಾವಲುಗಾರ ಜಬ್ಬಾರ್ ಮರಳಿ ಬಂದು ಅಲ್ಲೇ ಮಲಗಿದ್ದಾಗ ಕಟ್ಟಡ ಅವನ ಮೇಲೆ ಬಿತ್ತಂತೆ.

"ದಾದಾ, ಅವತ್ತು ನಿಮ್ಮ ಮಗಳು ಎದುರಿಗೇ ಉಣ್ಣುತ್ತಿದ್ದಳು," ಎಂದರು ಸಾಹೇಬರು ತಲೆ ತಗ್ಗಿಸಿ. "ಹೇಳಲು ಬಾಯಿ ಬರಲಿಲ್ಲ."

ಅಪ್ಪ ಹೊಲದ ಅಂಚಿನ ತನಕ ನಡೆದು ಹೋಗಿ ಬಂದರು. ಆಮೇಲೆ ನನಗೆ, "ಮ್ಯಾಪಿನ್ಯಾಗ ಇದು ಬರೇ ಒಂದು ಚುಕ್ಕಿ ಇತ್ತವ್ವಾ," ಎಂದರು. ಜಬ್ಬಾರನ ಮನೆ ಯಾವುದೆಂದು ಕೇಳಿದರು.

ಮನೆಯಲ್ಲಿದ್ದವಳು ಅವನ ಮಗಳು, ಅವ್ವನಷ್ಟೇ ವಯಸ್ಸಿನವಳು. ಅಂಗಳದಲ್ಲಿ ಅಪ್ಪ ಕುರ್ಚಿಯ ಮೇಲೆ ಕೂರಲಿಲ್ಲ. ನಿಂತುಕೊಂಡೇ, ತಡವರಿಸುತ್ತ, ಎಲ್ಲವನ್ನೂ ಹೇಳಿದರು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಹೋಗಬೇಡ ಅಂದೆ. ಬೆಂಚು ಬೆಂಚು ಅಂತ ಹೋದ," ಎಂದಳು. ಆಮೇಲೆ ಒಳಗೆ ಹೋಗಿ ಬಟ್ಟಲಲ್ಲಿ ಮಂಡಕ್ಕಿ ತಂದು ನನ್ನ ಕೈಗಿತ್ತಳು. ಅಪ್ಪನಿಗೆ ಕೊಡಲಿಲ್ಲ. ಅಪ್ಪ ಕೈಮುಗಿದು ಹೊರಬಂದರು. ವಾಪಸು ಬರುವಾಗ ಕಾರಿನಲ್ಲಿ ಮೊನಿರ್ ಸಾಹೇಬರ ಕೈ ಹಿಡಿದು, "ತಿಳದದ್ದು ಚಲೋ ಆತು," ಎಂದರು. ತಾವು ಕನ್ನಡದಲ್ಲಿ ಹೇಳುತ್ತಿದ್ದೇವೆಂಬುದೂ ಅವರಿಗೆ ಗೊತ್ತಾಗಲಿಲ್ಲ.

ಅಲ್ಲಿಂದಾಚೆ ಅಪ್ಪ ಯುದ್ಧದ ಮಾತು ತಪ್ಪಿಸಲಿಲ್ಲ. ನಮ್ಮ ಕನ್ನಡ ಸಂಘದಲ್ಲಿ ಯಾರಾದರೂ ಗೆಲುವಿನ ಕತೆ ಕೇಳಿದರೆ ಮೊದಲು ಜಬ್ಬಾರನ ಹೆಸರು ಹೇಳಿ ಮುಂದುವರಿಸುತ್ತಿದ್ದರು. ಕೆಲವರಿಗೆ ಅದು ಸೇರುತ್ತಿರಲಿಲ್ಲ. ನಿವೃತ್ತಿಗೆ ಮುಂಚೆಯೇ, ಒಂದು ಬೆಳಿಗ್ಗೆ ಕಚೇರಿಯಲ್ಲಿ ಅವರ ಎದೆಬಡಿತ ನಿಂತಿತು. ಗಡಿಯಾಚೆಯಿಂದ ಮೊನಿರ್ ಸಾಹೇಬರು ಬಂದು, ವರಾಂಡದ ಮೂಲೆಯಲ್ಲಿ ದಿನವಿಡೀ ಕೂತು ಹೋದರು. ಆ ಮನೆ ಈಗಿಲ್ಲ. ಅಲ್ಲಿ ಆರು ಅಂತಸ್ತಿನ ಫ್ಲ್ಯಾಟುಗಳು ಎದ್ದಿವೆ.

ಅವ್ವ ಇರುವ ತನಕ ಪ್ರತಿ ಈದಿಗೂ ಸಾಹೇಬರು ಅವಳಿಗೆ ಫೋನು ಮಾಡುತ್ತಿದ್ದರು. ಆ ಕಡೆಯಿಂದ ಬಂಗಾಳಿ, ಈ ಕಡೆಯಿಂದ ಧಾರವಾಡದ ಕನ್ನಡ. ಒಬ್ಬರ ಮಾತು ಒಬ್ಬರಿಗೆ ಎಷ್ಟು ತಿಳಿಯುತ್ತಿತ್ತೋ ಕಾಣೆ. ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಹೌದ್ರಿ, ಖರೇ ಹೌದ್ರಿ," ಎನ್ನುತ್ತಿದ್ದಳು.