ನಿಧಾನವಾಗಿ ಕಾಯಿಸಿದ ಕಪ್ಪು ಮೂಸೆ

ಕುರಿ, ದನಗಳ ಕೊರಳಿಗೆ ಕಟ್ಟುವ ಕಂಚಿನ ಗಂಟೆ ಎರೆಯುವುದು ಅಪ್ಪನ ಕೆಲಸ. ಕಂಚು ಕರಗಿಸುವ ಮೂಸೆಯನ್ನೂ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ತಾವೇ ಮಾಡಿಕೊಳ್ಳುತ್ತಿದ್ದರು. ಮಣ್ಣಿನ ಮೂಸೆಗೆ ಒಮ್ಮೆಲೇ ಬೆಂಕಿ ಕೊಟ್ಟರೆ ಅದು ಬಿರುಕು ಬಿಡುತ್ತದೆ. ಹಾಗಾಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮೆಲ್ಲಗೆ ಕಾಯಿಸುವುದು ಅವರಿಗೆ ರೂಢಿಯಾಗಿತ್ತು.

ತೊಂಬತ್ತರ ದಶಕದ ನಡುವೆ, ನಾನು ಶಿಕಾರಿಪುರದಲ್ಲಿ ಪಿಯುಸಿ ಓದುವಾಗ, ಮಾವ ಒಂದು ಸಿಲಿಕಾನ್ ಕಾರ್ಬೈಡ್ ಮೂಸೆ ತಂದುಕೊಟ್ಟ. ಕಪ್ಪಗೆ, ಕಲ್ಲಿನಷ್ಟು ಗಟ್ಟಿ. ಜೊತೆಗೊಂದು ಇಂಗ್ಲಿಷ್ ಚೀಟಿ. ಡಿಕ್ಷನರಿ ಇಟ್ಟುಕೊಂಡು ನಾನೇ ಓದಿದೆ. ಇಂಥ ಮೂಸೆಗೆ ಗಾಳಿಯೇ ಶತ್ರುವಂತೆ. ಬೆಂಕಿ ಜೋರಾದರೆ ಮೈಮೇಲಿನ ಲೇಪ ಕರಗಿ, ಗಾಜಿನ ಪೊರೆಯಾಗಿ ಗಾಳಿಯನ್ನು ಹೊರಗೇ ತಡೆಯುತ್ತದೆ. ಮಂದ ಕೆಂಪು ಕಾವಿನಲ್ಲೇ ಹೊತ್ತು ಕಳೆದರೆ ಪೊರೆ ಕಟ್ಟುವುದಿಲ್ಲ. ಆಮ್ಲಜನಕ ಒಳಹೊಕ್ಕು, ಕಣಗಳನ್ನು ಹಿಡಿದಿಟ್ಟ ಇಂಗಾಲವನ್ನೇ ಸುಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು.

"ಅಪ್ಪಾ, ಇದನ್ನ ಬೇಗ ಕಾಯಿಸ್ಬೇಕಂತೆ," ಅಂದೆ.

"ನಿನ್ನ ಪುಸ್ತಕ ಕುಲುಮೆ ಕಂಡೈತೇನು? ಹೊಸಾದು, ಬಾಣಂತಿ ಹಂಗೆ ನೋಡ್ಕೋಬೇಕು," ಎಂದು ಅಪ್ಪ ನಕ್ಕರು. ಗಂಟೆ ಒಯ್ಯಲು ಬಂದ ಕುರಿಗಾರರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಚೀಟಿಯನ್ನು ಒಲೆಗೆ ಹಾಕಿದೆ.

ನಾಲ್ಕೈದು ಎರಕ ಸಲೀಸಾಗಿ ಆದವು. ಅಷ್ಟೂ ಸಲ ಅಪ್ಪ ನಿಧಾನವಾಗಿಯೇ ಕಾಯಿಸಿದರು. ಒಂದು ಬೆಳಗ್ಗೆ ಸೊರಬದ ಕಡೆಯವರು ಗಂಟೆಗಾಗಿ ಅಂಗಳದಲ್ಲಿ ಕಾಯುತ್ತಿದ್ದಾಗ, ಅಪ್ಪ ಮೂಸೆಗೆ ಇಕ್ಕಳದಿಂದ ತಟ್ಟಿ ಕಿವಿಗೊಟ್ಟರು. ಗಂಟೆ ಮಾಡುವವರ ಕಿವಿ ಅದು. ಒಡಕು ಮಡಕೆಯ ಸದ್ದು ನನಗೂ ಕೇಳಿಸಿತು.

"ಆ ಚೀಟ್ಯಾಗೆ ಏನಂತ ಬರ್ದಿತ್ತವ್ವಾ?" ಎಂದರು ಮೆಲ್ಲಗೆ.

"ನೆನಪಿಲ್ಲ," ಅಂದೆ.

ಇನ್ನೊಮ್ಮೆ ಕೇಳಲಿ, ಅವತ್ತು ನಕ್ಕಂತೆ ಎಲ್ಲರೆದುರು ಕೇಳಲಿ ಎಂಬ ಹಟ ನನ್ನದು. ಅವರು ಕೇಳಲಿಲ್ಲ. ಬಂದವರನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ ಕುಲುಮೆ ಹೊತ್ತಿಸಿದರು.

ಮಧ್ಯಾಹ್ನ ಮೂಸೆಯನ್ನು ಎತ್ತಿದೊಡನೆ ತಳ ಕಳಚಿತು. ಕರಗಿದ ಕಂಚು ಅವರ ಎರಡೂ ಪಾದಗಳ ಮೇಲೆ ಸುರಿಯಿತು. ಅಪ್ಪ ಮತ್ತೆಂದೂ ಕುಲುಮೆಯ ಮುಂದೆ ನಿಲ್ಲಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದೇ ಅವರ ನಡಿಗೆಯಾಯಿತು. ಅದನ್ನು ನೋಡಲಾರದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ನೋಡಲು ಬಂದವರಿಗೆಲ್ಲ ಅವರದು ಒಂದೇ ಮಾತು. "ಮಗಳದೇನೂ ತಪ್ಪಿಲ್ಲ ರೀ. ಮೊದಲೇ ಹೇಳಿತ್ತು, ನಾನೇ ಕೇಳ್ಲಿಲ್ಲ. ಆಮೇಲೆ ಕೇಳ್ದಾಗ ಪಾಪ, ಅದಕ್ಕೂ ಮರ್ತೋಗಿತ್ತು."

ಅವರು ಸಾಯುವವರೆಗೂ ಹಾಗೆಯೇ ನಂಬಿದ್ದರು. ನಂಬಲು ಬಿಟ್ಟವಳು ನಾನು.