ಬಿಳಿ ಅಂಗಿಯ ಮೇಲೆ ಕೆಂಪು ಕೈ

ಶಕುನ, ಮೈಮೇಲೆ ಬರುವುದು ಎಂದೆಲ್ಲ ಯಾರಾದರೂ ಮಾತೆತ್ತಿದರೆ ನಕ್ಕುಬಿಡುತ್ತಿದ್ದವಳು ನಾನು. ಯಂತ್ರಶಾಸ್ತ್ರ ಓದಿದವಳಿಗೆ ಸಾಕ್ಷಿ ಬೇಕು. ಈಗ ಸಾಕ್ಷಿ ನನ್ನ ಬೀರುವಿನಲ್ಲೇ ಇದೆ, ಅದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನವ್ವ ಸಂಡೂರಿನ ಗಣಿಯಲ್ಲಿ ಸುತ್ತಿಗೆಯಿಂದ ಅದಿರು ಒಡೆದು ಕೈಯಿಂದ ಆರಿಸುತ್ತಿದ್ದಳು. ಒಮ್ಮೆ ಸುತ್ತಿಗೆ ಜಾರಿ ಬಲಗೈ ತೋರುಬೆರಳಿನ ತುದಿ ಹೋಯಿತು. ಶಾಲೆ ಬಿಟ್ಟು ಅವಳಿದ್ದಲ್ಲಿಗೆ ಹೋದರೆ, ಅದಿರಿನ ಧೂಳು ಮೆತ್ತಿದ ಕೆಂಪು ಕೈಯನ್ನೇ ನನ್ನ ಹೆಗಲ ಮೇಲಿಡುತ್ತಿದ್ದಳು. ಬಿಳಿ ಅಂಗಿಯ ಮೇಲೆ ಆ ಮೊಂಡು ಬೆರಳಿನ ಗುರುತು ಮೂಡುತ್ತಿತ್ತು. ಗೆಳತಿಯರು ಆಡಿಕೊಳ್ಳುತ್ತಾರೆಂದು ತಿಕ್ಕಿ ತಿಕ್ಕಿ ಒಗೆಯುತ್ತಿದ್ದೆ. ಆಗ ಪಟ್ಟ ನಾಚಿಕೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅದೇ ಅದಿರಿನ ಕೂಲಿಯಲ್ಲಿ ಓದಿ ನಾನು ಆಳಸಮುದ್ರಕ್ಕಿಳಿಯುವ ಸಬ್‌ಮರ್ಸಿಬಲ್ ನಡೆಸುವವಳಾದೆ. ನಮ್ಮ ಕಡೆ ಸಬ್‌ಮರ್ಸಿಬಲ್ ಎಂದರೆ ಬೋರ್‌ವೆಲ್ ಮೋಟರು. "ನಮ್ಮ ಮಗಳು ಮೋಟರಿನ್ಯಾಗ ಕುಂತು ಸಮುದ್ರಕ್ಕ ಇಳೀತಾಳ," ಎಂದು ಅವ್ವ ಹೊಸಪೇಟೆಯ ಮಾರ್ಕೆಟ್ಟಿನಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ತಿದ್ದಲು ಹೋಗಲಿಲ್ಲ. ಅವಳ ಜಂಬ ನನಗೂ ಇಷ್ಟವೇ.

ನಮ್ಮದು ಇಬ್ಬರು ಕೂರುವ ಲೋಹದ ಗುಂಡು. ಕಬ್ಬಿಣದ ತೂಕ ಕಟ್ಟಿಕೊಂಡು ಇಳಿಯುತ್ತೇವೆ, ತೂಕ ಕಳಚಿ ಮೇಲೇರುತ್ತೇವೆ. ನೀರಿನಲ್ಲಿ ಅತ್ತಿತ್ತ ಸರಿಯಲು ಹೊರಗೆ ಫ್ಯಾನುಗಳಿವೆ. ಹೊರಗಿರುವ ಯಂತ್ರದ ತೋಳನ್ನು ಒಳಗಿಂದಲೇ ಆಡಿಸಿ, ಸಿಕ್ಕಿದ ವಸ್ತುವನ್ನು ಮುಂದಿನ ಬುಟ್ಟಿಗೆ ಇಳಿಸಬೇಕು.

ಕೆಲವು ವರ್ಷಗಳ ಹಿಂದೆ ಅದಿರು ತುಂಬಿದ ಹಡಗೊಂದು ಮುಳುಗಿತು. ಸತ್ತ ಕ್ಯಾಪ್ಟನ್ನರದೇ ತಪ್ಪು ಎಂದು ಎಲ್ಲರೂ ಅಂದರು. ಹಡಗಿನ ಕೊನೆಯ ಮಾತುಗಳೆಲ್ಲ ದಾಖಲಾಗುವ ಪೆಟ್ಟಿಗೆ ತಳದಲ್ಲೇ ಇತ್ತು. ಬಂದರಿನಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು, "ಅದೊಂದು ತಂದುಕೊಡಿ," ಎಂದಿದ್ದರು. ಗಾಳಿ ಏಳುವ ಮುನ್ಸೂಚನೆ ಇದ್ದುದರಿಂದ ಒಂದೇ ಸಲ ಇಳಿಯಲು ಅವಕಾಶವಿತ್ತು.

ಬೆಳಿಗ್ಗೆ ಇಳಿದೆವು. ಜೊತೆಗಿದ್ದವರು ಕಾರವಾರದ ನಾಯ್ಕರು. ದೀಪದ ಬೆಳಕಿನಲ್ಲಿ ಪೆಟ್ಟಿಗೆ ಕಂಡದ್ದೇ ತಡ, ನಾನು ಆತುರಪಟ್ಟೆ. ತೋಳು ಹಡಗಿನ ಕಂಬಿಗೆ ತಗುಲಿ ಕೆಂಪು ಧೂಳೆದ್ದಿತು. ಕಿಟಕಿಯಲ್ಲಿ ಮತ್ತೇನೂ ಕಾಣದಾಯಿತು.

"ಫ್ಯಾನ್ ತಿರುಗಿಸಿ ಕೆಸರು ಸರಿಸುವಾ. ಬ್ಯಾಟರಿ ಮುಗೀತಾ ಬಂತು," ಎಂದರು ನಾಯ್ಕರು.

ಸ್ವಿಚ್ಚಿಗೆ ಕೈ ಹಾಕಿದೆ. ಆಗ ಬಲಹೆಗಲ ಮೇಲೆ ಭಾರವಾಗಿ, ಬೆಚ್ಚಗೆ ಒಂದು ಕೈ ಕುಳಿತಿತು. ನಾಯ್ಕರು ಕುಳಿತದ್ದು ನನ್ನ ಎಡಕ್ಕೆ, ಅವರ ಎರಡೂ ಕೈ ಮೀಟರುಗಳ ಮೇಲಿದ್ದವು. ಚಿಕ್ಕಂದಿನಲ್ಲಿ ಅವ್ವ ಹೇಳುತ್ತಿದ್ದುದು ನೆನಪಾಯಿತು: "ಧೂಳ ಎದ್ದಾಗ ಕೈ ಆಡಿಸಬ್ಯಾಡ. ಭಾರ ಇದ್ದದ್ದು ತಾನಾ ಕೆಳಗ ಕುಂದ್ರತೈತಿ."

"ಕಾಯೋಣ," ಎಂದೆ. ನಾಯ್ಕರು ಸಿಡುಕಿದರು. ಕಾದೆವು. ಧೂಳು ನಿಧಾನ ಇಳಿದು ಪೆಟ್ಟಿಗೆ ಕಂಡಿತು. ನಮ್ಮ ಫ್ಯಾನಿನ ಪಕ್ಕದಲ್ಲೇ ಹಡಗಿನ ತಂತಿಹಗ್ಗವೂ ತೇಲುತ್ತಿತ್ತು. ಫ್ಯಾನ್ ತಿರುಗಿಸಿದ್ದರೆ ಅದು ಸುತ್ತಿಕೊಂಡು ನಾವು ಅಲ್ಲೇ ಉಳಿಯುತ್ತಿದ್ದೆವು. ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ಬುಟ್ಟಿಗಿಳಿಸಿ, ತೂಕ ಕಳಚಿ ಮೇಲೆ ಬಂದೆವು.

ಬಿಸಿಲಿಗೆ ಬಂದಾಗ ನಾಯ್ಕರು ನನ್ನ ಹೆಗಲನ್ನೇ ನೋಡುತ್ತ, "ಇದೆಂತದು ಕೆಂಪು?" ಎಂದರು. ಬಿಳಿ ಅಂಗಿಯ ಮೇಲೆ ಬಲಗೈಯ ಅಚ್ಚಿತ್ತು, ತೋರುಬೆರಳು ಮೊಂಡು.

ನೆನೆದ ಅದಿರು ಕೆಸರಾಗಿ ಹಡಗು ವಾಲುತ್ತದೆ, ಅದನ್ನು ತುಂಬಿಕೊಂಡು ಹೊರಡುವುದು ಬೇಡವೆಂದು ಕ್ಯಾಪ್ಟನ್ ವಾದಿಸಿದ್ದ ದನಿ ಪೆಟ್ಟಿಗೆಯಲ್ಲಿತ್ತು. ಅವರ ಹೆಂಡತಿ ನನ್ನೆದುರು ಅತ್ತರು, ಆಮೇಲೆ ತಲೆಯೆತ್ತಿ ನಡೆದುಹೋದರು. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ರಜೆಯಲ್ಲಿ ಹೊಸಪೇಟೆಗೆ ಹೋಗಿ, ನಡೆದದ್ದನ್ನು ಹೇಳಿ, ಅಂಗಿಯನ್ನು ಅವ್ವನ ಮುಂದೆ ಹಾಸಿದೆ. ಅವಳು ಗಣಿ ಬಿಟ್ಟು ಇಲ್ಲಿ ನೆಲೆಸಿ ಎಷ್ಟೋ ವರ್ಷವಾಗಿದೆ. ಗುರುತಿನ ಮೇಲೆ ಕೈಯಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಅವತ್ತು ನಾ ಮನಿ ಬಿಟ್ಟು ಎಲ್ಲೂ ಹೋಗಿಲ್ಲವ್ವ. ಜ್ವಾಳ ಹಸನ ಮಾಡಾಕತ್ತಿದ್ದೆ," ಎಂದಳು. ಆಮೇಲೆ ಅಂಗಿ ಮಡಚುತ್ತ, "ಕೊಡು, ಒಗೆದು ಕೊಡ್ತೀನಿ," ಎಂದಳು.

ಮುಚ್ಚಿದ ಆ ಗುಂಡಿನೊಳಗೆ ಒಂದು ಚಿಟಿಕೆ ಧೂಳು ಹೋಗಲೂ ದಾರಿಯಿಲ್ಲ. ಅದನ್ನು ಪರೀಕ್ಷಿಸಿ ಸಹಿ ಹಾಕಿದವಳೇ ನಾನು. ಆ ಗುರುತು ಹೇಗೆ ಬಂತೆಂದು ಇವತ್ತಿಗೂ ಗೊತ್ತಿಲ್ಲ.

ಅಂಗಿಯನ್ನು ಮಾತ್ರ ಒಗೆಯಲು ಕೊಡಲಿಲ್ಲ.